ದಂಡೆಯ ಮೇಲೆ ಇಬ್ಬರು: ಚಿಂಚೋಳಿ ಕಾಡಿನ ಜಲಪಾತಕ್ಕೆ ಹೋದ ಒಂದು ಗುಂಪಿನ ಪ್ರಕರಣ ಅಧ್ಯಯನ

ಈ ಪ್ರಕರಣದಲ್ಲಿ ಯಾರೂ ಸಾಯಲಿಲ್ಲ. ಅದಕ್ಕೇ ಇದನ್ನು ಇಷ್ಟು ವಿವರವಾಗಿ ಬರೆಯಲು ಆಯಿತು. ಸಾವಾದ ಮನೆಗೆ ಹೋಗಿ ಹಗ್ಗ ಎಷ್ಟು ಉದ್ದ ಇತ್ತು, ಯಾರು ಯಾವ ಕಡೆ ಮುಖ ಮಾಡಿ ಕೂತಿದ್ದರು ಎಂದು ಕೇಳಲು ಬಾಯಿ ಬರುವುದಿಲ್ಲ. ಇಲ್ಲಿ ಹೋದವರೆಲ್ಲ ಮನೆಗೆ ಮರಳಿದರು, ಕೂತು ಮಾತಾಡಿದರು, ತಮ್ಮ ಫೋನಿನಲ್ಲಿದ್ದ ವಿಡಿಯೋವನ್ನೂ ತೋರಿಸಿದರು. ಹೆಸರು, ಊರು, ವರ್ಷ ಮತ್ತು ಜಲಪಾತದ ಹೆಸರನ್ನು ಬಿಡಲಾಗಿದೆ. ವಯಸ್ಸು, ಉದ್ಯೋಗಗಳನ್ನು ಗುರುತು ಸಿಗದಷ್ಟು ಬದಲಿಸಲಾಗಿದೆ. ನೀರಿನ ಲೆಕ್ಕ, ಹೊತ್ತಿನ ಲೆಕ್ಕ ಮಾತ್ರ ಇದ್ದ ಹಾಗೇ ಇವೆ.

ಹಿನ್ನೆಲೆ

ಕಲಬುರಗಿ ಅಂದರೆ ಬಿಸಿಲು, ತೊಗರಿ, ಎರೆಮಣ್ಣು ಎಂದಷ್ಟೇ ತಿಳಿದವರಿಗೆ ಚಿಂಚೋಳಿ ಕಾಡು ಅಚ್ಚರಿ ತರುತ್ತದೆ. ಕಲಬುರಗಿ ನಗರದಿಂದ ಸುಮಾರು 85 ಕಿ.ಮೀ. ದೂರ, ತೆಲಂಗಾಣದ ಗಡಿಗೆ ಒತ್ತಿಕೊಂಡ ಗುಡ್ಡಗಾಡು. 2011ರಲ್ಲಿ ಇದರ 134.88 ಚದರ ಕಿ.ಮೀ. ಪ್ರದೇಶವನ್ನು ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಒಣಭೂಮಿಯಲ್ಲಿರುವ ವನ್ಯಜೀವಿಧಾಮ ಎಂಬ ಹೆಗ್ಗಳಿಕೆ ದಕ್ಷಿಣ ಭಾರತದಲ್ಲಿ ಮೊದಲು ಸಿಕ್ಕಿದ್ದು ಇದಕ್ಕೇ. ತೋಳ, ಕತ್ತೆಕಿರುಬ, ಕೊಂಡುಕುರಿ, ಕೃಷ್ಣಮೃಗ ಇಲ್ಲಿವೆ. ಚಂದ್ರಂಪಳ್ಳಿ ಜಲಾಶಯ ಇದರ ಮಡಿಲಲ್ಲಿದೆ. ಸುತ್ತಮುತ್ತ ಲಂಬಾಣಿ ತಾಂಡಾಗಳಿವೆ.

ನೀರು ಬೀಳುವ ಜಾಗದ ರಚನೆ ಈ ಪ್ರಕರಣಕ್ಕೆ ಮುಖ್ಯ. ಈ ಭಾಗದ ನೆಲ ಲಾವಾ ಹರಿದು ಪದರ ಪದರವಾಗಿ ಹೆಪ್ಪುಗಟ್ಟಿದ ಕರಿಕಲ್ಲು. ಗಟ್ಟಿ ಪದರದ ಕೆಳಗೆ ಮೆತ್ತನೆಯ ಪದರ ಬಂದರೆ, ಬೀಳುವ ನೀರು ಮೆತ್ತನೆಯದನ್ನು ಕೊರೆಯುತ್ತಾ ಹೋಗುತ್ತದೆ. ಮೇಲಿನ ಗಟ್ಟಿ ಕಲ್ಲು ಚಜ್ಜಾದ ಹಾಗೆ ಚಾಚಿಕೊಳ್ಳುತ್ತದೆ, ಕೆಳಗೆ ಗವಿಯಂಥ ಒಳಸರಿತ ಆಗುತ್ತದೆ, ಅದರ ಮುಂದೆ ಮಡು. ಹೊರಗಿನಿಂದ ನೋಡಿದರೆ ತಟ್ಟೆಯಂತೆ ಕಾಣುವ ಮಡುವಿನ ತಳ ಮೆಟ್ಟಿಲು ಮೆಟ್ಟಿಲಾಗಿರುತ್ತದೆ. ಎರಡು ಹೆಜ್ಜೆ ಮೊಣಕಾಲುದ್ದ, ಮೂರನೇ ಹೆಜ್ಜೆಗೆ ನೆಲವೇ ಇಲ್ಲ.

ಪ್ರಕರಣ ನಡೆದ ಜಾಗದಲ್ಲಿ ಎರಡು ಮಡುಗಳಿವೆ. ನೀರು ನೇರವಾಗಿ ಬೀಳುವುದು ಮೇಲಿನ ಮಡುವಿಗೆ. ಅಲ್ಲಿಂದ ಬಂಡೆಗಳ ನಡುವೆ ಹರಿದು ಸುಮಾರು 40 ಹೆಜ್ಜೆ ಕೆಳಗೆ ಇನ್ನೊಂದು, ಅಗಲವಾದ ಮಡು. ಅಲ್ಲಿಗೆ ಹೋಗುವ ಕಾಲುದಾರಿ ಸುಮಾರು ಒಂದೂವರೆ ಕಿ.ಮೀ. ಮಧ್ಯದಲ್ಲಿ ಅದೇ ಹಳ್ಳವನ್ನು ಒಮ್ಮೆ ದಾಟಬೇಕು. ಅಂದರೆ ಹಳ್ಳ ಏರಿದರೆ ವಾಹನ ಒಂದು ದಂಡೆಯಲ್ಲಿ, ಜನ ಇನ್ನೊಂದು ದಂಡೆಯಲ್ಲಿ. ಮಡುವಿನ ಬಳಿ ಫೋನಿಗೆ ಸಿಗ್ನಲ್ ಇಲ್ಲ.

ಗುಂಪಿನಲ್ಲಿ 16 ಜನ: ಬಂಧುಗಳಾದ ಮೂರು ಮನೆಯವರು, ಅವರಲ್ಲಿ 4 ಜನ ಕಾಲೇಜು ಹುಡುಗರು, 3 ಸಣ್ಣ ಮಕ್ಕಳು. ಎರಡು ಕ್ರೂಸರ್. ಮುಂದಾಳು ಕಚೇರಿಯೊಂದರಲ್ಲಿ ಕೆಲಸ ಮಾಡುವವರು, ಇಲ್ಲಿ ‘ಸಂಘಟಕ’ ಎನ್ನೋಣ. ಅವರ ನಾದಿನಿ ‘ಶಿಕ್ಷಕಿ’. ನೀರಿನಲ್ಲಿ ಸಿಕ್ಕಿಕೊಂಡವನು 19ರ ‘ಯುವಕ’. ಜೊತೆಗೆ ತಾಂಡಾದಿಂದ ಬಂದ ಅರಣ್ಯ ಇಲಾಖೆಯ ಕಾವಲುಗಾರ, ಅಂದರೆ ‘ವಾಚರ್’.

ಮೊದಲ ಸಲ ವಾಪಸ್ಸು ಬಂದದ್ದು

ಶ್ರಾವಣದ ಒಂದು ಭಾನುವಾರ ಈ ಗುಂಪು ಯಾರನ್ನೂ ಕೇಳದೆ ಹೊರಟಿತ್ತು. ಗೇಟಿನಲ್ಲಿ ತಡೆದರು. ‘ಹೋದ ವರ್ಷ ಯಾರೂ ಕೇಳಿಲ್ಲರಿ’ ಎಂಬ ವಾದ ಅರ್ಧ ಗಂಟೆ ನಡೆಯಿತು, ಫಲ ಸಿಗಲಿಲ್ಲ. ತಡೆದವರ ಕಡೆಯೇ ಕಾನೂನು ಇತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27ನೇ ಕಲಂ ಪ್ರಕಾರ ಅನುಮತಿ ಇಲ್ಲದೆ ಹೊರಗಿನವರು ವನ್ಯಜೀವಿಧಾಮದೊಳಗೆ ಕಾಲಿಡುವಂತಿಲ್ಲ. ಅಲ್ಲಿ ಕಸ ಎಸೆಯುವುದೂ ಇದೇ ಕಲಂ ಅಡಿ ತಪ್ಪು. 28ನೇ ಕಲಂ ಪ್ರವಾಸ, ಅಧ್ಯಯನ, ಛಾಯಾಗ್ರಹಣದಂಥ ಕಾರಣಗಳಿಗೆ ಅನುಮತಿ ಕೊಡಲು ಅವಕಾಶ ಮಾಡುತ್ತದೆ. 30ನೇ ಕಲಂ ವನ್ಯಜೀವಿಧಾಮಕ್ಕೆ ಅಪಾಯವಾಗುವಂತೆ ಬೆಂಕಿ ಹಚ್ಚುವುದನ್ನು ನಿಷೇಧಿಸುತ್ತದೆ. ಮೂರು ಕಲ್ಲಿಟ್ಟು ಚಹಾ ಕಾಯಿಸಿದರೂ ಅದು ಬೆಂಕಿಯೇ.

ವಾಪಸ್ಸು ಬರುವ ದಾರಿಯಲ್ಲಿ ಶಿಕ್ಷಕಿ ಹಟ ಹಿಡಿದರು: ಹೋಗುವುದಾದರೆ ಕೇಳಿಯೇ ಹೋಗೋಣ, ನೀರಿಗಿಳಿಯುವುದಾದರೆ ತಯಾರಾಗಿ ಇಳಿಯೋಣ. ಮುಂದೆ ಆದ ಒಳ್ಳೆಯದಕ್ಕೆಲ್ಲ ಬೇರು ಇಲ್ಲಿದೆ. ಅನುಮತಿ ಕೇಳಲು ಹೋದಾಗಲೇ ಹಳ್ಳ ದಾಟುವ ಜಾಗದ ವಿಷಯ, ಮೇಲಿನ ಮಡುವಿಗೆ ಇಳಿಯಬಾರದೆಂಬ ವಿಷಯ ಅವರಿಗೆ ಗೊತ್ತಾದದ್ದು. ಗೇಟು ದಾಟಿಕೊಂಡು ಕಳ್ಳದಾರಿಯಲ್ಲಿ ಹೋಗಿದ್ದರೆ ಇದನ್ನು ಹೇಳುವವರೇ ಇರುತ್ತಿರಲಿಲ್ಲ.

ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಲಿಖಿತ ಅರ್ಜಿ ಹೋಯಿತು. ಜನರ ಹೆಸರು, ವಯಸ್ಸು, ವಾಹನದ ನಂಬರು, ಗುರುತಿನ ಚೀಟಿಯ ನಕಲು, ಹೋಗುವ ದಿನ, ಹೊರಬರುವ ಹೊತ್ತು ಎಲ್ಲ ಅದರಲ್ಲಿದ್ದವು. ಮಹಾನವಮಿ ಸೂಟಿಯಲ್ಲಿ ಒಂದು ದಿನಕ್ಕೆ ಅನುಮತಿ ಸಿಕ್ಕಿತು. ಷರತ್ತುಗಳು: ವಾಚರ್ ಜೊತೆಗಿರಬೇಕು, ಬೆಂಕಿ ಬೇಡ, ಗಾಜು ಬೇಡ, ಸಾಬೂನು ಬೇಡ, ನೀರಿಗಿಳಿಯುವುದು ಕೆಳಗಿನ ಮಡುವಿನಲ್ಲಿ ಮಾತ್ರ, ಅದೂ ಸೊಂಟದ ಮಟ್ಟದ ತನಕ.

ಸಾಬೂನಿನ ಷರತ್ತಿಗೆ ಗುಂಪಿನ ಹೆಣ್ಣುಮಕ್ಕಳು ಮೊದಲು ಬೇಸರಪಟ್ಟರು. ಆದರೆ ಮಳೆ ನಿಂತ ಮೇಲೆ ಆ ಮಡು ಹರಿಯುವ ನೀರಲ್ಲ, ನಿಂತ ನೀರು. ಬೇಸಿಗೆಗೆ ಕಾಡಿನ ಪ್ರಾಣಿಗಳಿಗೆ ಉಳಿಯುವುದು ಇಂಥ ನಾಲ್ಕಾರು ಗುಂಡಿಗಳೇ. ಕಪ್ಪೆಮರಿ, ಮೀನಿನ ಮರಿಗಳು ಅದೇ ನೀರಿನಲ್ಲಿ ಬೆಳೆಯಬೇಕು. ಸಾಬೂನಿನ ನೊರೆ ಕಪ್ಪೆಯ ಚರ್ಮಕ್ಕೆ, ಮೀನಿನ ಕಿವಿರಿಗೆ ಕುತ್ತು. ತಲೆಗೆ ಹಚ್ಚಿಕೊಂಡ ಎಣ್ಣೆಯನ್ನೂ ಮನೆಯಲ್ಲೇ ತೊಳೆದು ಹೋಗುವುದು ಸರಿ.

ತಯಾರಿ

ಗುಂಪು ಒಯ್ದ ಸಾಮಾನಿನ ಬಗ್ಗೆ ಸ್ವಲ್ಪ ಉದ್ದವಾಗಿಯೇ ಬರೆಯಬೇಕು. ಖರ್ಚು ಕಡಿಮೆ, ಕೆಲಸ ಬಹಳ.

ಮೊದಲನೆಯದು ಹಗ್ಗ: 20 ಮೀಟರ್, 10 ಮಿ.ಮೀ. ದಪ್ಪ. ನಮ್ಮ ಕಡೆ ಎಲ್ಲ ಪ್ಲಾಸ್ಟಿಕ್ ಹಗ್ಗಕ್ಕೂ ‘ನೈಲಾನ್’ ಎನ್ನುತ್ತಾರೆ, ಅಲ್ಲೇ ಮೋಸ ಆಗುವುದು. ನಿಜವಾದ ನೈಲಾನ್ ನೀರಿನಲ್ಲಿ ಮುಳುಗುತ್ತದೆ, ಪಾಲಿಪ್ರೊಪಿಲೀನ್ ತೇಲುತ್ತದೆ. ಎಸೆಯುವ ಹಗ್ಗ ತೇಲಲೇಬೇಕು, ಮುಳುಗಿದರೆ ಕಲ್ಲಿನ ಸಂದಿಗೆ ಸಿಕ್ಕಿಕೊಳ್ಳುತ್ತದೆ, ಮುಳುಗುವವನ ಕೈಗೂ ಸಿಗುವುದಿಲ್ಲ. ಕೊಳ್ಳುವಾಗ ಗೇಣುದ್ದದ ತುಂಡನ್ನು ಬಕೆಟ್ ನೀರಿಗೆ ಹಾಕಿ ನೋಡಿದರೆ ಗೊತ್ತಾಗುತ್ತದೆ. ಈ ಗುಂಪು ಹಾಗೆ ನೋಡಿಯೇ ತಂದಿತ್ತು.

ಎರಡನೆಯದು 5 ಲೀಟರ್‌ನ ಅಡುಗೆ ಎಣ್ಣೆಯ ಖಾಲಿ ಕ್ಯಾನು, ಮುಚ್ಚಳ ಬಿಗಿ. ಒಳಗೆ ಅರ್ಧ ಲೀಟರ್ ನೀರು, ಇಲ್ಲದಿದ್ದರೆ ಕ್ಯಾನು ಗಾಳಿಗೆ ತೂರಾಡಿ ದೂರ ಹೋಗುವುದಿಲ್ಲ. ಹಿಡಿಕೆಗೆ ಹಗ್ಗದ ತುದಿ ಕಟ್ಟಿದೆ. ಇಂಥ ಕ್ಯಾನು ಸುಮಾರು ನಾಲ್ಕೂವರೆ ಕಿಲೋ ಭಾರವನ್ನು ಎತ್ತಿ ಹಿಡಿಯುತ್ತದೆ. ಅಷ್ಟೇ ಸಾಕೇ ಎಂದು ಕೇಳುವವರಿದ್ದಾರೆ. ನೀರಿನಲ್ಲಿ ಮೈಯ ಬಹುಪಾಲು ತಾನೇ ತೇಲುತ್ತದೆ, ನೀರಿನ ಮೇಲೆ ಹಿಡಿಯಬೇಕಾದದ್ದು ತಲೆಯ ಭಾರ ಮಾತ್ರ. ಸಾಕಾಗುತ್ತದೆ.

ಮೂರನೆಯದು 10 ಅಡಿಯ ಬಿದಿರು ಗಳ, ಆಳ ನೋಡಲು. ನಾಲ್ಕನೆಯದು ಪೀಪಿ. ನೀರಿನ ಸದ್ದಿನಲ್ಲಿ ಕೂಗಿದ ಮಾತು 20 ಹೆಜ್ಜೆ ದಾಟುವುದಿಲ್ಲ, ಪೀಪಿ ದಾಟುತ್ತದೆ. ಮಕ್ಕಳಿಗೆ ಟ್ರಾಕ್ಟರ್ ಟ್ಯೂಬು.

ಹವಾಮಾನವನ್ನು ಹಿಂದಿನ ರಾತ್ರಿ ನೋಡಿದ್ದರು. ರಾಜ್ಯದ ‘ವರುಣಮಿತ್ರ’ ಸಹಾಯವಾಣಿಗೂ ಕರೆ ಮಾಡಿದ್ದರು. ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರಬಹುದು ಎಂಬ ಸೂಚನೆ ಸಿಕ್ಕಿತ್ತು. ಹಸ್ತ ಮಳೆಯ ದಿನಗಳು, ಅದು ಹೊಸ ಮಾತೇನಲ್ಲ. ಅದಕ್ಕೆ ತಕ್ಕಂತೆ ಯೋಜನೆಯೂ ಇತ್ತು: ಬೆಳಿಗ್ಗೆ 10:30ಕ್ಕೆ ನೀರಿಗಿಳಿಯುವುದು, 12:30ಕ್ಕೆ ಎದ್ದು ಹಳ್ಳ ದಾಟಿ ವಾಹನದ ಬಳಿ ಊಟ.

ಈ ಯೋಜನೆ ಸರಿಯಾಗಿಯೇ ಇತ್ತು. ಕೆಟ್ಟದ್ದು ದಾರಿಯಲ್ಲಿ. 6:30ಕ್ಕೆ ಹೊರಡಬೇಕಾದ ವಾಹನಗಳು 7:50ಕ್ಕೆ ಹೊರಟವು. ಸುಸಲಾ, ಮಿರ್ಚಿ ಭಜಿ ಎಂದು ನಿಲ್ಲಿಸಿದ ಕಡೆ 50 ನಿಮಿಷ ಹೋಯಿತು. ಗೇಟು ಮುಟ್ಟಿದಾಗ 11:10. ಹಳ್ಳ ದಾಟಿದಾಗ 11:50, ನೀರು ಪಾದ ಮುಳುಗುವಷ್ಟು. ಕೊನೆಗೆ ನೀರಿಗಿಳಿದದ್ದು 12:20ಕ್ಕೆ. ತಡವಾದ ಎರಡು ತಾಸನ್ನು ಕೊನೆಯಿಂದ ಕಳೆಯಬೇಕಿತ್ತು. ಅಂದರೆ ಹತ್ತು ನಿಮಿಷ ಕಾಲು ತೋಯಿಸಿಕೊಂಡು 12:30ಕ್ಕೇ ಎದ್ದು ಬರಬೇಕಿತ್ತು. ಯಾರೂ ಹಾಗೆ ಹೇಳಲಿಲ್ಲ. ಬದಲಿಗೆ ಇಡೀ ವೇಳಾಪಟ್ಟಿಯೇ ಎರಡು ತಾಸು ಮುಂದೆ ಸರಿಯಿತು, ಗುಡುಗು ಮಳೆಯ ಹೊತ್ತಿನ ಕಡೆಗೆ. ‘ಇಷ್ಟು ದೂರ ಬಂದೀವಿ’ ಎಂಬ ಮಾತು ಎಷ್ಟು ಜನರನ್ನು ನೀರಿಗೆ ಒಯ್ದಿದೆಯೋ! ಈ ಪ್ರಕರಣದ ಮೊದಲ ತಿರುವು ನೀರಿನಲ್ಲಿಲ್ಲ, ಭಜಿ ಅಂಗಡಿಯ ಮುಂದಿದೆ.

ನೀರಿನಲ್ಲಿ

ಇಳಿಯುವ ಮೊದಲು ವಾಚರ್ ಮತ್ತು ಸಂಘಟಕ ಗಳ ಹಿಡಿದು ಕೆಳಗಿನ ಮಡುವಿನ ಆಳ ನೋಡಿದರು. ದಂಡೆಯಿಂದ ನಾಲ್ಕು ಹೆಜ್ಜೆ ತನಕ 2 ಅಡಿ, ಆಮೇಲೆ 3 ಅಡಿ, ಆಮೇಲೆ ಒಮ್ಮೆಲೇ ಇಡೀ ಗಳ ಒಳಗೆ ಹೋಯಿತು. ಆ ಅಂಚಿಗಿಂತ ಎರಡು ಹೆಜ್ಜೆ ಈಚೆಗೆ ಸೀರೆಯ ಅಂಚಿನ ಪಟ್ಟಿಯನ್ನು ಎರಡು ಬಂಡೆಗಳ ನಡುವೆ ಎಳೆದು ಕಟ್ಟಿದರು. ಅದರಾಚೆ ಹೋಗಬಾರದು.

ವಾಚರ್ ಇನ್ನೊಂದು ಕೆಲಸ ಮಾಡಿದರು. ಕೈಗೆ ಸಿಕ್ಕ ಬಿಳಿ ಕಲ್ಲೊಂದನ್ನು ನೀರಿನ ಅಂಚಿಗೆ ಸರಿಯಾಗಿ ಇಟ್ಟು ಶಿಕ್ಷಕಿಗೆ ತೋರಿಸಿದರು. ‘ಅಕ್ಕಾರ, ಈ ಕಲ್ಲ ತೋಯ್ತು ಅಂದ್ರ ಎಲ್ಲರನ್ನೂ ಹೊರಗ ಕರೀರಿ.’ ನೀರು ಏರುವುದನ್ನು ಕಣ್ಣಳತೆಯಲ್ಲಿ ಹಿಡಿಯುವುದು ಕಷ್ಟ. ಅರ್ಧ ತಾಸಿನಲ್ಲಿ ನಾಲ್ಕು ಬೆರಳು ಏರಿದರೂ ಅಲ್ಲೇ ಇದ್ದವರಿಗೆ ತಿಳಿಯುವುದಿಲ್ಲ. ಕಲ್ಲು ತಪ್ಪದೆ ಹೇಳುತ್ತದೆ. ಅದರ ಜೊತೆ ನೋಡಬೇಕಾದವು ಇನ್ನು ಮೂರು: ನೀರಿನ ಬಣ್ಣ ಕೆಂಪಗೋ ರಾಡಿಯಾಗಿಯೋ ತಿರುಗುವುದು, ಒಣ ಎಲೆ ಕಡ್ಡಿಗಳು ಒಮ್ಮೆಲೇ ತೇಲಿ ಬರುವುದು, ಬೀಳುವ ನೀರಿನ ಸದ್ದು ದಪ್ಪವಾಗುವುದು. ಇಲ್ಲಿ ಬಿಸಿಲಿದ್ದರೂ ಮೇಲೆ, ಏಳೆಂಟು ಕಿ.ಮೀ. ಆಚೆ ಮಳೆ ಬಿದ್ದರೆ ಸಾಕು. ಮಳೆಗಾಲದ ಕೊನೆಗೆ ಎರೆಮಣ್ಣು ನೀರು ಕುಡಿದು ಉಬ್ಬಿ, ಬಿರುಕುಗಳೆಲ್ಲ ಮುಚ್ಚಿರುತ್ತವೆ. ಮೇಲೆ ಬಿದ್ದ ನೀರು ಒಳಗೆ ಇಂಗದೆ ನೇರ ಹಳ್ಳಕ್ಕೆ ಬರುತ್ತದೆ.

ಶಿಕ್ಷಕಿ ನೀರಿಗಿಳಿಯದೆ ದಂಡೆಯ ಬಂಡೆಯ ಮೇಲೆ ಕೂತರು. ಹತ್ತು ನಿಮಿಷಕ್ಕೊಮ್ಮೆ ತಲೆ ಎಣಿಸಬೇಕು, ಕಲ್ಲನ್ನೂ ನೋಡಬೇಕು. ಹಗ್ಗ, ಕ್ಯಾನು ಅವರ ಪಕ್ಕದಲ್ಲಿ. ಮೊದಲ ಅರ್ಧ ಗಂಟೆ ಎಲ್ಲ ಸರಿಯಾಗಿ ನಡೆಯಿತು. ವಾಚರ್ ಮೇಲಿನ ಬಂಡೆಗೆ ಕಟ್ಟಿದ್ದ ಹೆಜ್ಜೇನಿನ ತಟ್ಟಿ ತೋರಿಸಿ, ಆ ಕಡೆ ಕಲ್ಲು ಎಸೆಯಬೇಡಿ, ಸೆಂಟು ಹೊಡೆದುಕೊಂಡವರು ಹೋಗಬೇಡಿ ಎಂದು ಹೇಳಿ, ಹಳ್ಳ ದಾಟುವ ಜಾಗ ನೋಡಿ ಬರಲು ಹೋದರು.

ಯುವಕ 12:40ರ ಹೊತ್ತಿಗೆ ಒಮ್ಮೆ ಮೇಲಿನ ಮಡುವಿಗೆ ಹೋಗಿ, ಬೀಳುವ ನೀರಿನ ತುದಿ ಮುಟ್ಟಿ, ಏನೂ ಆಗದೆ ಬಂದಿದ್ದ. ದೊಡ್ಡವರು ಗದರಿದರು, ಅಷ್ಟೇ. ಈ ಮೊದಲ ಸಲದ ಯಶಸ್ಸು ಅವನಿಗೆ ತಪ್ಪು ಪಾಠ ಕಲಿಸಿತು. ಅವನು ಹೊಲದ ಬಾವಿಯಲ್ಲಿ ಈಜು ಕಲಿತವನು, ಒಳ್ಳೆಯ ಈಜುಗಾರ. ಆದರೆ ಬಾವಿಯ ನೀರು ನಿಂತ ನೀರು. ಜಲಪಾತದ ಬುಡದ ನೀರಿನ ಗುಣವೇ ಬೇರೆ. ಅಲ್ಲಿ ಬೆಳ್ಳಗೆ ಕಾಣುವುದು ಅರ್ಧ ನೀರು ಅರ್ಧ ಗಾಳಿ. ಗಾಳಿ ಬೆರೆತ ನೀರು ಮೈಯನ್ನು ಎತ್ತಿ ಹಿಡಿಯುವುದಿಲ್ಲ, ಎಷ್ಟು ಕೈ ಬಡಿದರೂ ಮೈ ಇಳಿಯುತ್ತದೆ. ಬಿದ್ದ ನೀರು ತಳಕ್ಕೆ ಹೋಗಿ ಸ್ವಲ್ಪ ಮುಂದೆ ಕುದಿಯುವಂತೆ ಮೇಲೆದ್ದು, ಅದರಲ್ಲಿ ಒಂದು ಪಾಲು ಮತ್ತೆ ಜಲಪಾತದ ಕಡೆಗೇ ಮೇಲ್ಮೈಯಲ್ಲಿ ಹರಿಯುತ್ತದೆ. ದಂಡೆಯ ಕಡೆ ಈಜಿದವನನ್ನು ಅದು ಹಿಂದಕ್ಕೆ ಎಳೆಯುತ್ತದೆ. ನೀರು ಹೆಚ್ಚಿದಷ್ಟೂ ಈ ಸೆಳವು ಜೋರು. ಅಲ್ಲಿ ಸಿಕ್ಕವರು ಎದುರಾಗಿ ಈಜದೆ ಅಡ್ಡಕ್ಕೆ, ಪಕ್ಕದ ಬಂಡೆಯ ಕಡೆಗೆ ಈಜಬೇಕು.

‘ಅಲ್ಲಿ ಹೋಗಬ್ಯಾಡ್ರಿ’ ಎಂದು ವಾಚರ್ ಹೇಳಿದ್ದರು. ಯಾಕೆ ಎಂದು ಯಾರೂ ಹೇಳಿರಲಿಲ್ಲ. ಬೇಡ ಎಂದಷ್ಟೇ ಕೇಳಿದ 19ರ ಹುಡುಗನಿಗೆ ಅದು ದೊಡ್ಡವರ ಹೆದರಿಕೆಯಂತೆ ಕೇಳುತ್ತದೆ. ಈ ನೀರು ತೇಲಿಸುವುದಿಲ್ಲ ಎಂದು ಕಾರಣ ಸಮೇತ ಹೇಳಿದ್ದರೆ ಅವನು ನಿಲ್ಲುತ್ತಿದ್ದ ಎಂದು ಅವನೇ ಹೇಳಿದ್ದಾನೆ.

1:05ಕ್ಕೆ ಅವನು ಎರಡನೇ ಸಲ ಹೋದ. ದೊಡ್ಡಪ್ಪನ ಮಗ ಫೋನ್ ಹಿಡಿದು ವಿಡಿಯೋ ಮಾಡುತ್ತಿದ್ದ. ಆ ವಿಡಿಯೋವನ್ನು ನಿಲ್ಲಿಸಿ ನಿಲ್ಲಿಸಿ ನೋಡಿದರೆ ಕಾಣುವುದಿಷ್ಟು. 20ನೇ ಸೆಕೆಂಡಿಗೆ ಯುವಕ ಬಿಳಿ ನೊರೆಯೊಳಗೆ ಹೋಗುತ್ತಾನೆ. 31ನೇ ಸೆಕೆಂಡಿಗೆ ದಂಡೆಯ ಕಡೆ ತಿರುಗಿ ಕೈ ಬಡಿಯುತ್ತಾನೆ, ಇದ್ದಲ್ಲೇ ಇರುತ್ತಾನೆ. 38ನೇ ಸೆಕೆಂಡಿನಿಂದ ಮೈ ನೆಟ್ಟಗೆ ನಿಂತಂತೆ, ತಲೆ ಹಿಂದಕ್ಕೆ ವಾಲಿದಂತೆ, ಬಾಯಿ ನೀರಿನ ಮಟ್ಟದಲ್ಲಿ. ಒಂದು ಕೂಗೂ ಇಲ್ಲ. ವಿಡಿಯೋ ಮಾಡುವವನ ನಗು ಅಲ್ಲಿಯ ತನಕ ಕೇಳುತ್ತಲೇ ಇದೆ. ಅವನು ಆಟ ಆಡುತ್ತಿದ್ದಾನೆ ಎಂದೇ ಎಣಿಸಿದ್ದ. ಮುಳುಗುವವರು ಕೈ ಬೀಸಿ ಕೂಗುತ್ತಾರೆ ಎಂದು ನಾವೆಲ್ಲ ನಂಬಿದ್ದೇವೆ. ಉಸಿರಿಗೇ ಪುರಸೊತ್ತಿಲ್ಲದವರಿಗೆ ಕೂಗಲು ಗಾಳಿ ಎಲ್ಲಿಂದ ಬರಬೇಕು? ಈ ಸದ್ದಿಲ್ಲದ ಹೋರಾಟ ಸಾಮಾನ್ಯವಾಗಿ 20ರಿಂದ 60 ಸೆಕೆಂಡು, ಆಮೇಲೆ ತಲೆ ಒಳಗೆ.

41ನೇ ಸೆಕೆಂಡಿಗೆ ಪೀಪಿ ಕೇಳುತ್ತದೆ. ತಲೆ ಎಣಿಸುತ್ತಿದ್ದ ಶಿಕ್ಷಕಿ ಒಂದು ತಲೆ ಕಡಿಮೆ ಕಂಡು ಎದ್ದು ನಿಂತಿದ್ದರು.

ಎಳೆದು ತಂದದ್ದು

ಸಂಘಟಕ ಹಗ್ಗ ಹಿಡಿದು ಬಂಡೆಯ ಮೇಲೆ ಓಡಿದರು. ಮೊದಲ ಎಸೆತ ಅರ್ಧ ದಾರಿಗೆ ಬಿತ್ತು. ಮೊಣಕೈಗೆ ಸುತ್ತಿ ಸಿಂಬಿ ಮಾಡಿಟ್ಟ ಹಗ್ಗ ಗಂಟಾಗಿತ್ತು. ಹಗ್ಗವನ್ನು ಸುತ್ತಿಡದೆ ತುದಿಯಿಂದ ಚೀಲದೊಳಗೆ ಸಡಿಲವಾಗಿ ತುಂಬಿಕೊಂಡು ಹೋಗಬೇಕು. ಎಸೆದಾಗ ತಾನೇ ಬಿಚ್ಚಿಕೊಳ್ಳುತ್ತದೆ. ಎರಡನೇ ಎಸೆತ ಯುವಕನ ತಲೆಯ ಮೇಲಿಂದ ಆಚೆ ಬಿದ್ದು ಹಗ್ಗ ಹೆಗಲಿಗೆ ತಾಗಿತು. ಸರಿಯಾದ ಎಸೆತ ಅದೇ. ಅವನಿಗಿಂತ ಈಚೆಗೆ ಬಿದ್ದರೆ ಅವನು ಕೈ ಚಾಚಬೇಕಾಗುತ್ತದೆ, ಆ ಶಕ್ತಿ ಇರುವುದಿಲ್ಲ. ಅವನು ಕ್ಯಾನನ್ನು ಎದೆಗೆ ಅವಚಿಕೊಂಡ. ಸೆಳವಿಗೆ ಎದುರಾಗಿ ಎಳೆಯದೆ, ಪಕ್ಕದ ಬಂಡೆಯ ಕಡೆ ಓರೆಯಾಗಿ, ಜಗ್ಗದೆ ಎಳೆದರು. ಹಗ್ಗವನ್ನು ಯಾರೂ ಸೊಂಟಕ್ಕೆ ಕಟ್ಟಿಕೊಂಡಿರಲಿಲ್ಲ. ಕಟ್ಟಿಕೊಂಡಿದ್ದರೆ ಪಾಚಿಗಟ್ಟಿದ ಬಂಡೆಯಿಂದ ಎಳೆಯುವವರೇ ಒಳಗೆ ಹೋಗುತ್ತಿದ್ದರು.

ಇದೇ ಹೊತ್ತಿಗೆ ವಿಡಿಯೋ ಮಾಡುತ್ತಿದ್ದ ಹುಡುಗ ಫೋನ್ ಬಿಸಾಕಿ ಹಾರಲು ಹೋದ. ಕ್ರೂಸರ್ ಚಾಲಕ ಅವನ ರಟ್ಟೆ ಹಿಡಿದು ಕೆಳಗೆ ಕೂಡಿಸಿದರು. ನಮ್ಮ ಲೆಕ್ಕದಲ್ಲಿ ಆ ದಿನದ ಅತ್ಯಂತ ದೊಡ್ಡ ಕೆಲಸ ಆ ಹಿಡಿತ. ಒಬ್ಬರನ್ನು ಉಳಿಸಲು ಹೋಗಿ ಇಬ್ಬರು, ಮೂವರು ಹೋಗುವ ಸುದ್ದಿ ನಮ್ಮ ಕೆರೆ ಹಳ್ಳಗಳಿಂದ ಪ್ರತಿ ವರ್ಷ ಬರುತ್ತದೆ. ಮುಳುಗುವವನು ಹತ್ತಿರ ಬಂದವರನ್ನೇ ಏಣಿ ಮಾಡಿಕೊಂಡು ಹತ್ತುತ್ತಾನೆ. ಅದು ಅವನ ತಪ್ಪಲ್ಲ, ಉಸಿರಿನ ಆಸೆ.

ಯುವಕ ದಂಡೆಗೆ ಬಂದಾಗ 1:08. ಪ್ರಜ್ಞೆ ಇತ್ತು, ಕೆಮ್ಮುತ್ತಿದ್ದ, ತುಟಿ ನೀಲಿಗಟ್ಟಿತ್ತು. ಹಿರಿಯರೊಬ್ಬರು ಹೊಟ್ಟೆ ಒತ್ತಿ ನೀರು ತೆಗೆಯಬೇಕು, ಹೆಗಲ ಮೇಲೆ ತಲೆಕೆಳಗೆ ಹೊರಬೇಕು ಎಂದರು. ಶಿಕ್ಷಕಿ ಬಿಡಲಿಲ್ಲ. ಹೊಟ್ಟೆ ಒತ್ತಿದರೆ ಹೊಟ್ಟೆಯಲ್ಲಿದ್ದದ್ದು ಗಂಟಲಿಗೆ ಬಂದು ಶ್ವಾಸಕ್ಕೆ ಇಳಿಯುತ್ತದೆ. ಉಸಿರಾಡುತ್ತಿರುವವನನ್ನು ಮಗ್ಗುಲಿಗೆ ಮಲಗಿಸಿ, ಒದ್ದೆ ಬಟ್ಟೆ ತೆಗೆದು, ಬೆಚ್ಚಗೆ ಹೊದಿಸಬೇಕು. ಅವರು ಮಾಡಿದ್ದು ಅದೇ. ಉಸಿರು ನಿಂತಿದ್ದರೆ ದಾರಿ ಬೇರೆ: ಮೊದಲು ಬಾಯಿಗೆ ಬಾಯಿಟ್ಟು 2 ಉಸಿರು, ಆಮೇಲೆ ಎದೆಯ ನಡುವೆ ಸುಮಾರು 5 ಸೆಂ.ಮೀ. ಆಳಕ್ಕೆ 30 ಒತ್ತು, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ, ಮತ್ತೆ 2 ಉಸಿರು, ಹೀಗೆ ಬಿಡದೆ. ನೀರಿನಲ್ಲಿ ಮುಳುಗಿದವರಿಗೆ ಕೊರತೆಯಾಗಿರುವುದು ಗಾಳಿ, ಆದ್ದರಿಂದ ಉಸಿರು ಮೊದಲು. ಉಪ್ಪಿನ ರಾಶಿಯಲ್ಲಿ ಹೂತಿಟ್ಟರೆ ಬದುಕುತ್ತಾರೆ ಎಂಬ ಸಂದೇಶ ಫೋನಿನಿಂದ ಫೋನಿಗೆ ಓಡಾಡುತ್ತದೆ. ಅದು ಸುಳ್ಳು. ಉಪ್ಪಿಗೆ ಎದೆಯೊಳಗಿನ ನೀರು ಎಳೆಯುವ ಶಕ್ತಿ ಇಲ್ಲ. ಆ ನಂಬಿಕೆಯಲ್ಲಿ ಕಳೆಯುವ ಒಂದೊಂದು ನಿಮಿಷವೂ ಜೀವದ ನಿಮಿಷ.

ಎರಡನೇ ತಿರುವು

ಎಲ್ಲರೂ ಯುವಕನ ಸುತ್ತ ನೆರೆದಿದ್ದರು. ಅಳು, ಬೈಗುಳ, ದೇವರಿಗೆ ಹರಕೆ. 1:25ಕ್ಕೆ ವಾಚರ್ ಓಡಿ ಬಂದರು. ‘ನೀರ ಕೆಂಪಾಗ್ಯಾದ, ಏಳ್ರಿ ಏಳ್ರಿ!’ ಆಗ ಶಿಕ್ಷಕಿ ಬಿಳಿ ಕಲ್ಲಿನ ಕಡೆ ನೋಡಿದರು. ಕಲ್ಲು ಇರಲಿಲ್ಲ. ಅದರ ಮೇಲೆ ಮೂರು ಬೆರಳು ನೀರು ಹರಿಯುತ್ತಿತ್ತು.

ಊಟದ ಗಂಟು ಬಿಚ್ಚಿತ್ತು. ರೊಟ್ಟಿ, ಶೇಂಗಾ ಹಿಂಡಿ, ಬದನೆಕಾಯಿ ಪಲ್ಯ ಚಾಪೆಯ ಮೇಲೆ. ಹುಡುಗನಿಗೆ ಸ್ವಲ್ಪ ಸುಧಾರಿಸಲಿ, ‘ಉಂಡೇ ಹೋಗೂಣು, ಮಳಿ ಎಲ್ಲಿ ಅದ?’ ಎಂದರು ಹಿರಿಯರು. ತಲೆಯ ಮೇಲೆ ಬಿಸಿಲೇ ಇತ್ತು. ಸಂಘಟಕ ಎರಡು ನಿಮಿಷ ಹೊಯ್ದಾಡಿದರು, ಆಮೇಲೆ ಎಲ್ಲ ಬಿಟ್ಟು ಏಳಲು ಹೇಳಿದರು. ಎರಡು ಚಾಪೆ, ಒಂದು ಪಾತ್ರೆ ಅಲ್ಲೇ ಉಳಿದವು.

ಹಳ್ಳ ದಾಟಿದ್ದು 1:55ಕ್ಕೆ. ಎರಡು ತಾಸಿನ ಹಿಂದೆ ಪಾದದಷ್ಟಿದ್ದ ನೀರು ಮೊಣಕಾಲಿಗೆ ಬಂದಿತ್ತು. ಮೊಣಕಾಲು ಕೊನೆಯ ಮಿತಿ. ಸೆಳವಿನ ವೇಗ ಎರಡು ಪಟ್ಟಾದರೆ ಕಾಲಿನ ಮೇಲಿನ ಒತ್ತಡ ನಾಲ್ಕು ಪಟ್ಟಾಗುತ್ತದೆ, ಗಟ್ಟಿ ಆಳನ್ನೂ ಕೆಡವುತ್ತದೆ. ವಾಚರ್ ಗಳ ಹಿಡಿದು ಮುಂದೆ, ಚಾಲಕ ಕೊನೆಗೆ, ನಡುವೆ ಮೂರು ಮೂರು ಜನ ಹೆಗಲು ಹಿಡಿದು, ಮುಖ ನೀರು ಬರುವ ಕಡೆಗೆ, ಹೆಜ್ಜೆ ಎತ್ತದೆ ಜರುಗಿಸುತ್ತಾ ದಾಟಿದರು. ಮಕ್ಕಳು ದೊಡ್ಡವರ ಬೆನ್ನಿಗೆ. ಯುವಕನನ್ನು ಇಬ್ಬರ ನಡುವೆ ಹಿಡಿದು ತಂದರು. ಅರ್ಧ ತಾಸಿನ ಮೇಲೆ ವಾಚರ್ ಹೋಗಿ ನೋಡಿದಾಗ ಅದೇ ಜಾಗದಲ್ಲಿ ನೀರು ಎದೆಮಟ್ಟ ಇತ್ತು. ಊಟಕ್ಕೆ ಕೂತಿದ್ದರೆ 16 ಜನ, ಅದರಲ್ಲಿ ಉಸಿರಿಗೆ ಕಷ್ಟಪಡುವ ಒಬ್ಬ, ಸಿಗ್ನಲ್ ಇಲ್ಲದ ದಂಡೆಯಲ್ಲಿ ರಾತ್ರಿ ಕಳೆಯುತ್ತಿದ್ದರು.

ಸಿಗ್ನಲ್ ಸಿಕ್ಕ ಕೂಡಲೇ 108ಕ್ಕೆ ಕರೆ ಮಾಡಿ, ದಾರಿಯಲ್ಲಿ ಆಂಬುಲೆನ್ಸ್ ಎದುರಾಗುವಂತೆ ಹೊರಟರು. ಆ ಹೊತ್ತಿಗೆ ಯುವಕ ‘ಆರಾಮ ಅದೀನಿ, ಮನಿಗೆ ಹೋಗೂಣು’ ಎನ್ನುತ್ತಿದ್ದ. ಆಸ್ಪತ್ರೆಯಲ್ಲಿ ಬೆರಳಿಗೆ ಮೀಟರ್ ಹಾಕಿದಾಗ ಆಮ್ಲಜನಕ 92. ರಾತ್ರಿಯಿಡೀ ಆಮ್ಲಜನಕ ಕೊಟ್ಟು ಇಟ್ಟುಕೊಂಡು ಮರುದಿನ ಕಳಿಸಿದರು. ನೀರು ಕುಡಿದು ಬದುಕಿದವರು ಚೆನ್ನಾಗಿ ಕಂಡರೂ ಕೆಮ್ಮು ಇದ್ದರೆ 6ರಿಂದ 8 ತಾಸು ವೈದ್ಯರ ಕಣ್ಣೆದುರಿಗೆ ಇರಲೇಬೇಕು. ಶ್ವಾಸಕೋಶದ ತೊಂದರೆ ನಿಧಾನವಾಗಿ ಹೆಚ್ಚುತ್ತದೆ.

ವಿಡಿಯೋ ಹೇಳಿದ್ದು

ಕೆಲವು ದಿನದ ಮೇಲೆ ವಿಡಿಯೋವನ್ನು ಮತ್ತೆ ನೋಡಿದಾಗ ಮೊದಲು ಯಾರೂ ಗಮನಿಸದ ಒಂದು ವಿಷಯ ಕಂಡಿತು. ಮೊದಲ ಮೂರು ಸೆಕೆಂಡು ಕ್ಯಾಮೆರಾ ಕೆಳಗಿನ ಮಡುವಿನ ಮೇಲಿದೆ. ಮೂಲೆಯಲ್ಲಿ ಬಿಳಿ ಕಲ್ಲು. ಅರ್ಧ ತೋಯ್ದಿದೆ.

ಅಂದರೆ 1:05ಕ್ಕೇ ನೀರು ಏರಲು ಶುರುವಾಗಿತ್ತು. 12:40ಕ್ಕೆ ಬಿಟ್ಟುಕೊಟ್ಟ ಮೇಲಿನ ಮಡು 1:05ಕ್ಕೆ ಯುವಕನನ್ನು ಹಿಡಿದಿಟ್ಟುಕೊಂಡದ್ದು ಅದಕ್ಕೇ. ಹಳ್ಳ ಮೊಣಕಾಲಿಗೆ ಏರಿದ್ದೂ ಅದಕ್ಕೇ. ಗುಂಪಿನವರು ಇದನ್ನು ಎರಡು ಆಪತ್ತು ಎಂದುಕೊಂಡಿದ್ದರು, ನಿಜಕ್ಕೂ ಅದು ಒಂದೇ ಏರು ನೀರು. ಕಲ್ಲು ತೋಯ್ದ ಕೂಡಲೇ ಪೀಪಿ ಊದಿದ್ದರೆ ಯುವಕ ಆ ಕಡೆ ಹೋಗುವ ಮೊದಲೇ ಎಲ್ಲರೂ ಹೊರಗಿರುತ್ತಿದ್ದರು.

ಶಿಕ್ಷಕಿಯ ಮೇಲೆ ತಪ್ಪು ಹೊರಿಸುವುದು ಅನ್ಯಾಯ. ಅವರು ಕಣ್ಣು ಕೀಳದೆ ನೋಡುತ್ತಿದ್ದರು, ಆದರೆ ತಲೆಗಳನ್ನು. ನೀರಿನಲ್ಲಿ ಆಡುವ ಮಕ್ಕಳ ತಲೆ ಎಣಿಸುವ ಕಣ್ಣು ಒಂದೆಡೆ ನಿಲ್ಲುವುದಿಲ್ಲ. ಕಲ್ಲನ್ನು, ಬಣ್ಣವನ್ನು, ಸದ್ದನ್ನು ಗಮನಿಸಲು ಮನಸ್ಸು ಒಂದೆಡೆ ನಿಲ್ಲಬೇಕು. ಈ ಎರಡು ಕೆಲಸ ಒಬ್ಬರಿಂದ ಆಗುವುದಿಲ್ಲ. ಅದಕ್ಕೂ ಕೆಟ್ಟದ್ದು, ಅವಘಡವಾದ ಕೂಡಲೇ ಅವರೂ ಎಲ್ಲರಂತೆ ಯುವಕನ ಬಳಿ ಓಡಿದರು. 1:08ರಿಂದ 1:25ರ ತನಕ, 17 ನಿಮಿಷ, ನೀರನ್ನು ನೋಡುವವರು ಒಬ್ಬರೂ ಇರಲಿಲ್ಲ.

ಆದ್ದರಿಂದ ದಂಡೆಯ ಮೇಲೆ ಇಬ್ಬರು ಬೇಕು. ಒಬ್ಬರು ಮನುಷ್ಯರನ್ನು ನೋಡುವವರು: ತಲೆ ಎಣಿಕೆ, ಪೀಪಿ, ಹಗ್ಗದ ಚೀಲ. ಇನ್ನೊಬ್ಬರು ನೀರನ್ನು ನೋಡುವವರು: ಕಲ್ಲು, ಬಣ್ಣ, ಎಲೆ, ಸದ್ದು, ಆಕಾಶ. ಗುಡುಗು ಕೇಳಿದರೆ ಎಲ್ಲರನ್ನೂ ಹೊರಗೆ ಕರೆಯುವುದು, ಕೊನೆಯ ಗುಡುಗಿನಿಂದ 30 ನಿಮಿಷ ಯಾರನ್ನೂ ನೀರಿಗೆ ಬಿಡದಿರುವುದು ಇವರ ಕೆಲಸ. ಈ ಎರಡನೆಯವರು ಏನೇ ಆದರೂ ಜಾಗ ಬಿಟ್ಟು ಏಳಬಾರದು, ಮುಳುಗುತ್ತಿರುವವನು ಸ್ವಂತ ಮಗನಾದರೂ. ಹಾಗೆ ಕೂರಲು ಆಗದವರನ್ನು ಆ ಕೆಲಸಕ್ಕೆ ಹಾಕಬಾರದು. ಈ ಗುಂಪಿನಲ್ಲಾಗಿದ್ದರೆ ನೆಂಟಸ್ತಿಕೆ ಇಲ್ಲದ ಕ್ರೂಸರ್ ಚಾಲಕ ಸರಿಯಾದ ಆಯ್ಕೆಯಾಗಿರುತ್ತಿದ್ದರು. ಅರ್ಧ ಗಂಟೆಗೊಮ್ಮೆ ಆಳು ಬದಲಿಸಬೇಕು, ಬಿಸಿಲಿನಲ್ಲಿ ಅದಕ್ಕಿಂತ ಹೆಚ್ಚು ಹೊತ್ತು ಗಮನ ನಿಲ್ಲುವುದಿಲ್ಲ. ಇವರಿಬ್ಬರು ಹೊರಗೆ ಬನ್ನಿ ಎಂದರೆ ಹಿರಿಯರೂ ಮರುಮಾತಿಲ್ಲದೆ ಬರಬೇಕು ಎಂಬುದು ಮನೆ ಬಿಡುವ ಮೊದಲೇ ತೀರ್ಮಾನವಾಗಿರಬೇಕು. ನೀರಿನ ದಂಡೆಯಲ್ಲಿ ನಿಂತು ಕಾಕಾನಿಗೆ ಎದುರು ಮಾತಾಡುವುದು ನಮ್ಮ ಮನೆಗಳಲ್ಲಿ ಸುಲಭವಲ್ಲ.

ಒಂದು ವಾರದ ಮೇಲೆ ಸಂಘಟಕ ಮತ್ತು ಇಬ್ಬರು ಹುಡುಗರು ಮತ್ತೆ ಅನುಮತಿ ಪಡೆದು, ಬಿಟ್ಟು ಬಂದ ಸಾಮಾನು ತರಲು ವಾಚರ್ ಜೊತೆ ಹೋದರು. ಪಾತ್ರೆ ಸಿಗಲಿಲ್ಲ. ಒಂದು ಚಾಪೆ ಕೆಳಗಿನ ಮಡುವಿನ ಪಕ್ಕದ ಗಿಡದ ಕೊಂಬೆಗೆ ಸುತ್ತಿಕೊಂಡಿತ್ತು, ಅವರು ಊಟಕ್ಕೆ ಹಾಸಿದ್ದ ಬಂಡೆಯಿಂದ 5 ಅಡಿ ಮೇಲೆ. ಅದನ್ನು ಬಿಡಿಸಿಕೊಂಡರು. ವಾಚರ್ ಗಳ ಹಿಡಿದು ಅಳೆದು, ಅದೇ ಎತ್ತರಕ್ಕೆ ಬಂಡೆಯ ಮೇಲೆ ಇದ್ದಿಲಿನಿಂದ ಗೆರೆ ಎಳೆದರು. ಮುಂದೆ ಇಲಾಖೆಯವರು ಅದರ ಮೇಲೆ ಕೆಂಪು ಬಣ್ಣ ಹಚ್ಚಿಸಿದರು. ಈಗ ಬರುವ ಗುಂಪುಗಳನ್ನು ನೀರಿಗೆ ಬಿಡುವ ಮೊದಲು ವಾಚರ್ ಆ ಗೆರೆಯ ಕೆಳಗೆ ಒಬ್ಬರನ್ನು ನಿಲ್ಲಿಸಿ ತೋರಿಸುತ್ತಾರೆ, ಆಮೇಲೆ ದಂಡೆಯ ಮೇಲೆ ಕೂರುವ ಇಬ್ಬರು ಯಾರು ಎಂದು ಕೇಳುತ್ತಾರೆ.